ನೀಲಿ ಗಾಜಿನ ಕಾಡಿಗೆ ಭರಣಿ

ಬಹಳ ಹಿಂದಿನ ಮಾತು. ನೈಲ್ ನದಿಯ ದಂಡೆಯಲ್ಲಿ ಖೆಮಿ ಎಂಬ ರಾಜ್ಯವಿತ್ತು. ಅಲ್ಲಿ ಗಾಜೆಂದರೆ ಚಿನ್ನಕ್ಕಿಂತ ಅಪರೂಪ. ಆ ರಾಜ್ಯವನ್ನು ನಖ್ತಿ ಎಂಬ ತರುಣ ಆಳುತ್ತಿದ್ದ. ತಂದೆತಾಯಿ ಇರಲಿಲ್ಲ, ತಂಗಿ ತಿಯಾ ಒಬ್ಬಳೇ ಅವನ ಪ್ರಾಣ.

ಒಂದು ಬೇಸಿಗೆಯಲ್ಲಿ ಮರಳುಗಾಳಿ ಬೀಸಿ ನಖ್ತಿಯ ಕಣ್ಣು ಕೆಂಪಾಗಿ ಉರಿಯತೊಡಗಿತು. ಆಗ ಹಪುಸೇನನೆಂಬ ಮಾಂತ್ರಿಕ ಗಾಜಿನ ಭರಣಿಯೊಂದನ್ನು ತಂದುಕೊಟ್ಟ. ಎಂಥ ಭರಣಿ! ಕಡುನೀಲಿ ಮೈ. ಅದರ ಮೇಲೆ ಹಳದಿ, ಬಿಳಿ ಗಾಜಿನ ಎಳೆ ಸುತ್ತಿ, ಬಿಸಿಯಿರುವಾಗಲೇ ಬಾಚಿ ಎಬ್ಬಿಸಿದ ಅಲೆಗಳು. ಒಳಗೆ ಕಾಡಿಗೆ.

"ಹಚ್ಚಿಕೊಳ್ಳಿ ಪ್ರಭು, ಉರಿ ಇಳಿಯುತ್ತದೆ," ಅಂದ.

ಉರಿ ಇಳಿಯಿತು. ಆದರೆ ಲೋಕ ತಲೆಕೆಳಗಾಯಿತು.

ಮೊದಲು ಸಭೆಯಲ್ಲಿ. ಹಳೆಯ ಮಂತ್ರಿ ಬೇಕಿ ಕೈಮುಗಿದು ನಿಂತಿದ್ದರೆ, ನಖ್ತಿಗೆ ಕತ್ತಿ ಹಿರಿದ ಶತ್ರು ಕಂಡ. "ಓಡಿಸಿ ಅವನನ್ನು!" ಎಂದು ಕೂಗಿದ. ಬೇಕಿಯ ಜಾಗಕ್ಕೆ ಹಪುಸೇನ ಬಂದು ಕುಳಿತ. ಆ ಶತ್ರು ಅಳುತ್ತಾ ಹೋದನಲ್ಲ, ಯಾಕೆ? ನಖ್ತಿಗೆ ಅರ್ಥವಾಗಲಿಲ್ಲ.

ಆಮೇಲೆ ನದಿಯ ಬಳಿ. ಚಂದದ ದೋಣಿಯೊಂದು ದಡಕ್ಕೆ ತಾಗಿ ನಿಂತಿತ್ತು. ನಖ್ತಿ ಇನ್ನೇನು ಕಾಲಿಡಬೇಕು, ತಿಯಾ ಅವನ ಸೊಂಟ ಹಿಡಿದು ಎಳೆದಳು.

"ಅಣ್ಣಾ, ಮೊಸಳೆ ಅದು!"

ದೋಣಿ ಬಾಯಿ ಮುಚ್ಚಿಕೊಂಡು ನೀರಿಗೆ ಜಾರಿತು.

ನಖ್ತಿ ಹಿಂದೆ ಸರಿದ. "ನನಗೇನಾಗ್ತಿದೆ ತಿಯಾ? ಯಾವುದು ನಿಜ ಅಂತ ಒಂದೂ ತಿಳೀತಿಲ್ಲ."

"ಆ ಕಾಡಿಗೆ ಹಚ್ಚಿದ ಮೇಲೇ ಹೀಗಾದದ್ದು. ತೊಳ್ಕೋ."

ತೊಳೆದ. ಎಣ್ಣೆ ಹಚ್ಚಿ ಉಜ್ಜಿದ. ಕಾಡಿಗೆ ಅಳಿಯಲಿಲ್ಲ.

"ಹಾಗಾದ್ರೆ ಭರಣಿಯನ್ನೇ ಒಡೆಯೋಣ," ಎಂದಳು ತಿಯಾ. "ಹಚ್ಚಿಕೊಂಡವನ ಕೈಯಿಂದಲೇ ಒಡೆದರೆ ಮಾಯೆ ಬಿಡುತ್ತೆ ಅಂತ ಅಜ್ಜಿ ಹೇಳ್ತಿದ್ದಳು."

ಇಬ್ಬರೂ ಭರಣಿಯಿದ್ದ ಕೋಣೆಗೆ ಓಡಿದರು. ಹಪುಸೇನ ಮೊದಲೇ ಅಲ್ಲಿದ್ದ. ಸೇವಕರನ್ನು ಹೊರಗಟ್ಟಿ, ಬಾಗಿಲು ಹಾಕಿ, ಕೈ ಬೀಸಿದ. ಕೋಣೆಯ ತುಂಬ ನೀಲಿ ಹೊಗೆ. ಹೊಗೆ ಕರಗಿದಾಗ ನೆಲದ ಮೇಲೆ ತಂಗಿ ಅಳುತ್ತಾ ಕುಳಿತಿದ್ದಳು, ಪಕ್ಕದಲ್ಲಿ ಭರಣಿ.

"ಒಡೆಯಿರಿ ಪ್ರಭು," ಎಂದು ಹಪುಸೇನ ತಾನೇ ಸುತ್ತಿಗೆ ಕೊಟ್ಟ.

ನಖ್ತಿ ಎತ್ತಿದ. ಎತ್ತಿದ ಕೈ ನಿಂತಿತು. ಇವನು ತಾನಾಗಿ ಯಾಕೆ ಕೊಟ್ಟ? ಭರಣಿಯಂತೆ ಕಾಣುವುದೇ ತಿಯಾ ಆಗಿದ್ದರೆ? ತಂಗಿಯನ್ನು ಕೊಂದವನಿಗೆ ಖೆಮಿಯಲ್ಲಿ ಸಿಂಹಾಸನವಿಲ್ಲ. ಇವನಿಗೆ ಬೇಕಾದದ್ದು ಅದೇ ಏನು? ಆದರೆ ಅಳುತ್ತಿರುವವಳೇ ನಿಜವಾದ ತಿಯಾ ಆಗಿದ್ದರೆ?

"ತಿಯಾ!" ಎಂದು ಕರೆದ. ಅಳುವವಳು "ಅಣ್ಣಾ" ಅಂದಳು. ಭರಣಿ ಬರೀ ಕಿಣಿಕಿಣಿ ಅಂದಿತು. ಕಣ್ಣಿನ ಜೊತೆಗೆ ಕಿವಿಯೂ ಮೋಸಹೋಗಿತ್ತು. ಮುಟ್ಟಿ ನೋಡಿದ. ಹೆದರಿ ಮರಗಟ್ಟಿದ ಬೆರಳಿಗೆ ಎರಡೂ ಒಂದೇ.

"ಒಡೆಯಿರಿ!"

"ಇಲ್ಲ," ಎಂದು ನಖ್ತಿ ಅಲ್ಲೇ ಕುಳಿತ. ತಟ್ಟೆಯಲ್ಲಿ ಖರ್ಜೂರವಿತ್ತು. ಒಂದು ಹಿಡಿ ತಂಗಿಯ ಮುಂದೆ ಇಟ್ಟ, ಒಂದು ಹಿಡಿ ಭರಣಿಯ ಮುಂದೆ ಇಟ್ಟ, ಮುಖ ಮುಚ್ಚಿಕೊಂಡು ಅತ್ತ.

ಅತ್ತು ತಲೆಯೆತ್ತಿದ. ತಂಗಿಯ ಮುಂದಿನ ಖರ್ಜೂರ ಹಾಗೇ ಇತ್ತು. ಭರಣಿಯ ಮುಂದೆ ಬರೀ ಬೀಜಗಳು.

"ಇಲಿ ತಿಂದಿರಬೇಕು!" ಎಂದ ಹಪುಸೇನ.

ನಖ್ತಿ ಅಳುವವಳ ಕಡೆ ತಿರುಗಿದ.

"ಅಣ್ಣಾ, ನನ್ನನ್ನೇ ಹೊಡೀತೀಯಾ?"

ಅದು ತಿಯಾಳ ದನಿಯೇ. ತಪ್ಪಾಗಿದ್ದರೆ? ನಖ್ತಿ ಮತ್ತೆ ಸುತ್ತಿಗೆ ಎತ್ತಿದ. ಕಣ್ಣು ಮುಚ್ಚಿ ಹೊಡೆದುಬಿಟ್ಟ.

ಫಳಾರ್! ನೆಲದ ತುಂಬ ನೀಲಿ ಚೂರು. ಕಾಡಿಗೆ ಕಣ್ಣೀರಿನೊಂದಿಗೆ ಕೆನ್ನೆಗಿಳಿಯಿತು. ಹಪುಸೇನ ನಿಂತಲ್ಲೇ ಒಣ ಮರಳಾಗಿ ಸುರಿದುಹೋದ. ಪಕ್ಕದಲ್ಲಿ ತಿಯಾ ಬಾಯಿ ಒರೆಸಿಕೊಳ್ಳುತ್ತಿದ್ದಳು.

"ಎಷ್ಟು ಕೂಗಿದೆ ಅಣ್ಣಾ! ಕೂಗಿ ಕೂಗಿ ಹಸಿವಾಗಿಬಿಡ್ತು."

ನಖ್ತಿ ತಾನೇ ಹೋಗಿ ಬೇಕಿಯ ಕಾಲು ಹಿಡಿದು ಕರೆತಂದ. ಖೆಮಿಯ ಜನ ನೆಮ್ಮದಿಯಾಗಿ ಬಾಳಿದರು. ನಖ್ತಿ ಮಾತ್ರ ಎಷ್ಟೋ ದಿನ ಬೆಳಗಾದರೆ ತಂಗಿಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ: "ನೀನು ತಿಯಾನೇ ತಾನೆ?"

"ಹೂಂ ಅಣ್ಣಾ, ನಾನೇ," ಎನ್ನುತ್ತಿದ್ದಳು ಅವಳು, ಒಮ್ಮೆಯೂ ಬೇಸರಿಸದೆ.