ನಡೆದಾಡಿದ ಗೂಟ

ಆ ಬೇಸಿಗೆಯಲ್ಲಿ ಒಂದು ಮರದ ಗೂಟ ನಡೆದಷ್ಟು ದೂರ ಆ ಊರಿನ ಸೋಮಾರಿಗಳು ಜನ್ಮದಲ್ಲಿ ನಡೆದಿರಲಿಲ್ಲ. ಸುಳ್ಳು ಎನಿಸಿದರೆ ಕನ್ನಡಕದಕ್ಕನನ್ನೇ ಕೇಳಿ.

ಕನ್ನಡಕದಕ್ಕ ಎಂದರೆ ಸ್ಟೇಷನ್ ರಸ್ತೆಯ ತುದಿಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದಾಕೆ. ವಯಸ್ಸು ನಲವತ್ತಕ್ಕೆ ಒಂದು ಕಡಿಮೆ. ಅಪ್ಪ ತೀರಿಕೊಂಡ ಮೇಲೆ ಕೆಳಗೆ ಅಂಗಡಿ, ಮೇಲೆ ಎರಡು ಕೋಣೆ, ನಡುವೆ ಹದಿನಾಲ್ಕು ಮೆಟ್ಟಿಲು. ಇಷ್ಟೇ ಅವಳ ಸಂಸಾರ. ಹಗಲೆಲ್ಲ ಊರಿನವರ ಕಣ್ಣಲ್ಲಿ ಕಣ್ಣಿಟ್ಟು ನೋಡುವವಳು, ಷಟರ್ ಎಳೆದ ಮೇಲೆ ತನ್ನನ್ನು ನೋಡುವ ಕಣ್ಣೊಂದೂ ಇಲ್ಲದೆ, ಒಂದೇ ತಟ್ಟೆ ತೊಳೆದು, ಒಂದೇ ಲೋಟ ಬೋರಲು ಹಾಕುತ್ತಿದ್ದಳು.

ಊರಲ್ಲಿ ಆಗ ರೈಲಿನದೇ ಜಗಳ. ಬೇಸಿಗೆ ಮುಗಿದ ಮೇಲೆ ಹಳೆಯ ಪ್ಯಾಸೆಂಜರ್ ರೈಲು ಇಲ್ಲಿ ನಿಲ್ಲುವುದಿಲ್ಲ, ಬದಲಿಗೆ ರಸ್ತೆಯ ಮೇಲೇ ಓಡುವ ಲೈಟ್ ರೈಲು ಕೊಡುತ್ತೇವೆ ಎಂದು ಸರ್ಕಾರ ಹೇಳಿತ್ತು. ಅರ್ಧ ಊರು ಹಳೆಯದಕ್ಕೆ ಜೋತುಬಿದ್ದಿತ್ತು, ಅರ್ಧ ಊರು ಹೊಸದಕ್ಕೆ ಬಾಯಿಬಿಟ್ಟಿತ್ತು. ಕ್ಷೌರದಂಗಡಿಯಲ್ಲಿ ವಾದ ಎಷ್ಟು ಕಾವೇರಿತೆಂದರೆ, ಸಿಟ್ಟಿನಲ್ಲಿ ಎದ್ದುಹೋದ ಒಬ್ಬ ಅರ್ಧ ಗಡ್ಡದಲ್ಲೇ ಮೂರು ದಿನ ತಿರುಗಿದ.

ಆ ಹೊಸ ರೈಲಿಗಾಗಿ ಸ್ಟೇಷನ್ ರಸ್ತೆ ಅಳೆಯಲು ಬಂದವರೇ ಸರ್ವೆ ಸಾಹೇಬರು. ಎತ್ತರದ ಆಳು, ಮಾತು ಕಡಿಮೆ. ಅವರು ದಿಟ್ಟಿಸಿದರೆ ವಾಲಿದ ಕಂಬವೂ ನಾಚಿ ನೆಟ್ಟಗಾಗುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಕನ್ನಡಕದಂಗಡಿಯ ಮುಂದೆ ಅಳತೆಯ ಗುರುತಿಗೆ ಕೆಂಪು ಬಳಿದ ಗೂಟವೊಂದನ್ನು ಹೊಡೆದು, ಬೆವರು ಒರೆಸಿಕೊಂಡು ಒಳಗೆ ಬಂದರು.

"ಕನ್ನಡಕ ಜಾರ್ತಿದೆ ಮೇಡಂ. ಸ್ವಲ್ಪ ಬಿಗಿ ಮಾಡ್ಕೊಡ್ತೀರಾ?"

"ಊರನ್ನೆಲ್ಲ ನೆಟ್ಟಗೆ ಮಾಡೋರು, ನಿಮ್ಮ ಕನ್ನಡಕಾನೇ ಸೊಟ್ಟ ಇಟ್ಕೊಂಡಿದೀರಲ್ಲ ಸಾಹೇಬ್ರೆ!"

"ಸೊಟ್ಟ ಇದೆ ಅಂತ ಹೇಳೋರು ಯಾರೂ ಇರ್ಲಿಲ್ಲ."

ನಗುತ್ತಲೇ ಹೇಳಿದರು. ಆದರೂ ಆ ಮಾತು ಅವಳಿಗೆ ಎಲ್ಲೋ ನಾಟಿತು. ಸ್ಕ್ರೂ ಬಿಗಿದು ಕನ್ನಡಕವನ್ನು ತಾನೇ ಅವರ ಮುಖಕ್ಕೆ ಏರಿಸಿದಳು. ದಿನಕ್ಕೆ ಇಪ್ಪತ್ತು ಜೋಡಿ ಕಣ್ಣು ನೋಡುವವಳಿಗೆ ಇದೇನು ಹೊಸದೇ? ಆದರೆ ಈ ಕಣ್ಣುಗಳು ರೆಪ್ಪೆ ಬಡಿಯಲಿಲ್ಲ. ಅವಳ ಬೆರಳು ಕಿವಿಯ ಹಿಂದೆ ತಾಗಿದಾಗ ಕಿವಿ ಮಾತ್ರ ಕೆಂಪಗಾಯಿತು.

"ನಾಳೆ ಈ ರಸ್ತೆ ಮುಗಿಯುತ್ತೆ. ಆಮೇಲೆ ಮುಂದಿನ ಊರು," ಎಂದು ಅವರು ಎದ್ದರು.

ಮರುದಿನ ಮಧ್ಯಾಹ್ನ, ರಸ್ತೆಯೆಲ್ಲ ತೂಕಡಿಸುತ್ತಿದ್ದ ಹೊತ್ತು, ಕನ್ನಡಕದಕ್ಕ ಹೊರಗೆ ಬಂದು ಆ ಗೂಟ ಕಿತ್ತು ಒಂದು ಗೇಣು ಆಚೆ ನೆಟ್ಟಳು. ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಓಡಿದಳು.

ಸಾಹೇಬರು ಬಂದರು. ಗೂಟ ನೋಡಿದರು, ಆಕಾಶ ನೋಡಿದರು, ತಲೆ ಕೆರೆದುಕೊಂಡರು.

"ಅಳತೆ ತಪ್ಪಿದೆ ಮೇಡಂ. ಮತ್ತೆ ಮೊದಲಿಂದ ಅಳೀಬೇಕು."

"ಅಯ್ಯೋ ಪಾಪ! ನೀರು ಕುಡೀತೀರಾ?"

ಹೀಗೆ ಮೂರು ತಿಂಗಳಲ್ಲಿ ಹನ್ನೊಂದು ಸಲ. ಗೂಟ ಒಮ್ಮೆ ಮೋರಿ ದಾಟಿತು, ಒಮ್ಮೆ ಪಕ್ಕದ ಬೀಡಾ ಅಂಗಡಿಗೆ ನೆಂಟಸ್ತನ ಬೆಳೆಸಿತು. ಪ್ರತಿ ಸಲವೂ ಸಾಹೇಬರಿಗೆ ಬಾಯಾರಿಕೆ, ಪ್ರತಿ ಸಲವೂ ಕನ್ನಡಕ ಸಡಿಲ. ಆ ಸ್ಕ್ರೂಗೆ ಬಾಯಿ ಇದ್ದಿದ್ದರೆ ಕೈಮುಗಿದು ಬೇಡಿಕೊಳ್ಳುತ್ತಿತ್ತು.

ಎದುರುಮನೆಯ ಅತ್ತಿಗೆ, ಅಂದರೆ ಅವಳ ಅಣ್ಣನ ಹೆಂಡತಿ, ಜಗಲಿಯಿಂದಲೇ ಕೂಗುತ್ತಿದ್ದಳು: "ಏನೇ, ನಿನ್ನ ಸಾಹೇಬ್ರು ರಸ್ತೆ ಅಳೀತಿದಾರೋ, ಸವೆಸ್ತಿದಾರೋ?"

"ಸುಮ್ನಿರಿ ಅತ್ತಿಗೆ!" ಎನ್ನುತ್ತಿದ್ದಳು. ಮೇಲೆ ಹೋಗಿ, ಅವರು ನೀರು ಕುಡಿದ ಲೋಟವನ್ನು ತನ್ನ ಲೋಟದ ಪಕ್ಕ ಬೋರಲು ಹಾಕಿ, ಸುಮ್ಮನೆ ನೋಡುತ್ತ ನಿಲ್ಲುತ್ತಿದ್ದಳು.

ಕೊನೆಗೆ ರೈಲಿನವರು ಊರಿನ ಸಭೆ ಕರೆದರು. ದೊಡ್ಡ ಎಂಜಿನಿಯರ್ ಮೇಜು ಗುದ್ದಿದರು: "ಈ ವಾರ ಈ ರಸ್ತೆ ವರದಿ ಬರದಿದ್ರೆ ಲೈಟ್ ರೈಲು ಬೇರೆ ಊರಿಗೆ ಹೋಗುತ್ತೆ. ಹಳೇದಂತೂ ನಿಲ್ಲಲ್ಲ. ಆಮೇಲೆ ಎರಡೂ ಇಲ್ಲ!"

ಎಂದೂ ಒಂದಾಗದ ಎರಡು ಪಕ್ಷದವರೂ ಅಂದು ಒಂದಾಗಿ ಸಾಹೇಬರ ಮೇಲೆ ಬಿದ್ದರು.

"ಬೇಕಂತಲೇ ತಡ ಮಾಡಿದಾನೆ!"

"ಕೆಲಸದಿಂದ ಕಿತ್ತು ಹಾಕಿ!"

ಸಾಹೇಬರು ತಲೆ ತಗ್ಗಿಸಿ ನಿಂತಿದ್ದರು.

ಕನ್ನಡಕದಕ್ಕ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಎದ್ದರೆ ಊರಿಗೆಲ್ಲ ನಗೆಪಾಟಲು, ಏಳದಿದ್ದರೆ ಅವರ ಅನ್ನಕ್ಕೆ ಕಲ್ಲು. ಎದ್ದಳು.

"ಗೂಟ ಕಿತ್ತವಳು ನಾನು ಸಾರ್. ಹನ್ನೊಂದು ಸಲ."

ಅದನ್ನು ಕೇಳಿ ಮೇಲಿನ ಫ್ಯಾನೂ ಒಂದು ಸುತ್ತು ತಪ್ಪಿತು.

"ಯಾಕಮ್ಮ? ಅಂಗಡಿ ಉಳಿಸ್ಕೊಳ್ಳೋಕಾ?"

"ಅಲ್ಲ ಸಾರ್. ಅಳತೆ ಮುಗಿದ್ರೆ ಇವರು ಹೋಗಿಬಿಡ್ತಾರಲ್ಲ, ಅದಕ್ಕೆ."

ಯಾರೋ ಕಿಸಕ್ಕೆಂದರು. ಸಾಹೇಬರು ಮಾತ್ರ ನಗಲಿಲ್ಲ. ಚೀಲದಿಂದ ಒಂದು ದಪ್ಪ ಫೈಲು ತೆಗೆದು ಮೇಜಿನ ಮೇಲಿಟ್ಟರು.

"ಅವರದ್ದೇನೂ ತಪ್ಪಿಲ್ಲ ಸಾರ್. ಅವರು ಕೀಳೋದು ಎರಡನೇ ಸಲಾನೇ ಗೊತ್ತಾಯ್ತು. ಗೂಟ ಎಲ್ಲಿದ್ರೂ ನನ್ನ ಅಳತೆ ನಡೆಯುತ್ತೆ. ವರದಿ ತಯಾರಾಗಿ ಎರಡು ತಿಂಗಳಾಯ್ತು."

"ಮತ್ತೆ ಯಾಕ್ರೀ ಕೊಡ್ಲಿಲ್ಲ?"

"ರೈಲಿನ ಗೆರೆ ಅವರ ಅಂಗಡಿ ಮುಂಭಾಗ ಕೊಯ್ಕೊಂಡು ಹೋಗುತ್ತೆ. ಅದನ್ನ ಅವರಿಗೆ ಹೇಳೋ ಧೈರ್ಯ ಬರ್ಲಿಲ್ಲ." ಜಾರಿದ ಕನ್ನಡಕವನ್ನು ಮೇಲೇರಿಸಿದರು. "ಮತ್ತೆ... ಕೊಟ್ರೆ ನಾನೂ ಹೋಗ್ಬೇಕಿತ್ತಲ್ಲ ಸಾರ್."

ಕನ್ನಡಕದಕ್ಕ ಅವರನ್ನೇ ನೋಡಿದಳು. ಎದೆ ಒಡೆದಷ್ಟೇ ಹಗುರವೂ ಆಗಿತ್ತು.

"ಅರ್ಧ ಹೋದ್ರೆ ಇನ್ನರ್ಧ ಇರುತ್ತಲ್ಲ ಸಾಹೇಬ್ರೆ. ಕೊಟ್ಬಿಡಿ. ಊರಿಗೆ ರೈಲು ಬರ್ಲಿ."

ಕೆಲಸ ಉಳಿಯಿತು, ಶಿಕ್ಷೆ ತಪ್ಪಲಿಲ್ಲ. ದೂರದಲ್ಲೆಲ್ಲೋ ಮುಚ್ಚಿಹೋದ ಒಂದು ಕವಲು ಹಳಿಯನ್ನು ಕಿತ್ತು ತೆಗೆಯುತ್ತಿದ್ದರು. ಸಾಹೇಬರನ್ನು ಅಲ್ಲಿಗೆ ಎಂಟು ತಿಂಗಳು ಹಾಕಿದರು.

ಅವರು ಹತ್ತಿದ್ದು ಆ ಊರಲ್ಲಿ ನಿಂತ ಕೊನೆಯ ಪ್ಯಾಸೆಂಜರ್.

"ಭಾನುವಾರ ಬರ್ತೀನಿ," ಎಂದರು ಕಿಟಕಿಯಿಂದ.

"ಹೇಗೆ ಬರ್ತೀರಿ? ನಾಳೆಯಿಂದ ಇದು ನಿಲ್ಲಲ್ವಲ್ಲ."

"ಅಳೀತಾ ಅಳೀತಾ ನಡ್ಕೊಂಡಾದ್ರೂ ಬರ್ತೀನಿ."

ಒಂದು ಭಾನುವಾರ ಹೋಯಿತು. ಎರಡು, ಮೂರು, ನಾಲ್ಕು ಹೋದವು. ಅಂಗಡಿಯ ಮುಂಭಾಗ ಒಡೆದರು. ಉಳಿದ ಜಾಗದಲ್ಲಿ ಒಂದು ಕುರ್ಚಿ, ಒಂದು ಸ್ಟೂಲು ಹಿಡಿಸಿತು. ಬಾಗಿಲಲ್ಲಿ ನೆರಳು ಬಿದ್ದಾಗೆಲ್ಲ ತಲೆ ಎತ್ತಿ, ಗಿರಾಕಿ ಎಂದು ಕಂಡು, "ಬನ್ನಿ," ಎನ್ನುವಷ್ಟರಲ್ಲಿ ಅವಳ ದನಿ ಸೋತಿರುತ್ತಿತ್ತು.

ಐದನೆಯ ಭಾನುವಾರ ಮಟಮಟ ಮಧ್ಯಾಹ್ನ, ಮೂರು ಬಸ್ಸು ಒಂದು ಲಾರಿ ಬದಲಿಸಿ, ಹುಬ್ಬಿನ ತನಕ ಧೂಳು ಮೆತ್ತಿಕೊಂಡು ಸಾಹೇಬರು ಬಂದರು.

"ಮೂರು ಗಂಟೆಗೆ ವಾಪಸ್ ಬಸ್ಸು," ಎಂದರು. ಅವಳು ನೀರು ತರುವಷ್ಟರಲ್ಲಿ ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು.

ಅತ್ತಿಗೆ ಓಡಿಬಂದಳು. "ಇರೋದೇ ಎರಡು ಗಂಟೆ! ಎಬ್ಬಿಸೇ, ನಾಲ್ಕು ಮಾತಾಡು!"

"ಬೇಡ ಅತ್ತಿಗೆ. ಈ ಮನೇಲಿ ಇನ್ನೊಬ್ಬರ ಉಸಿರು ಕೇಳಿ ಎಷ್ಟು ವರ್ಷ ಆಯ್ತು ಗೊತ್ತಾ?"

ಅತ್ತಿಗೆ ಸೆರಗಿನಲ್ಲಿ ಕಣ್ಣೊತ್ತಿಕೊಂಡು ಹೊರಟುಹೋದಳು.

ಕನ್ನಡಕದಕ್ಕ ಬಿಸಿಲು ಬೀಳದಂತೆ ಷಟರನ್ನು ಅರ್ಧಕ್ಕೆ ಎಳೆದು ಸ್ಟೂಲಿನ ಮೇಲೆ ಕುಳಿತಳು. ಷಟರಿನಡಿ ಬಗ್ಗಿ ಯಾರೋ ಗಿರಾಕಿ ಇಣುಕಿದರು. ತುಟಿಯ ಮೇಲೆ ಬೆರಳಿಟ್ಟು ಅವಳು ಪಿಸುಗುಟ್ಟಿದಳು:

"ಮೂರು ಗಂಟೆ ಮೇಲೆ ಬನ್ನಿ. ನಮ್ಮೋರು ಮಲಗಿದಾರೆ."