ಬಿಟ್ಟುಹೋದ ಸುರುಳಿ

ಸಂಜೆ ದೊಡ್ಡ ಸಾಹೇಬರು ನಮ್ಮ ಕೆಲಸ ನೋಡಲು ಬರುವವರಿದ್ದರು. ನನಗೋ ಕೂತಲ್ಲಿ ಕೂರಲಾಗುತ್ತಿಲ್ಲ. ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಲ್ಯಾಬಿನಲ್ಲಿ ಬೆಳಗಿನಿಂದ ನಾನು, ದಾನಿಶ ಇಬ್ಬರೇ, ಜೊತೆಗೆ ಕೈಕೊಟ್ಟ ನಮ್ಮ ಪೆಟ್ಟಿಗೆ. ಇಬ್ಬರೂ ವಿಜಯಪುರದ ಕಡೆಯವರು. ಹಿಂದಿ, ಇಂಗ್ಲಿಷು ಸಾಕಾದಾಗ ಕನ್ನಡಕ್ಕಿಳಿಯುತ್ತೇವೆ.

ಪೆಟ್ಟಿಗೆಯ ಕೆಲಸ ಹೇಳಲು ಸುಲಭ. ಉದ್ದನೆಯ ಫೈಬರಿನಲ್ಲಿ ಓಡುವ ಬೆಳಕಿನ ಪಲ್ಸುಗಳು ಬರುಬರುತ್ತ ಹರಡಿಕೊಂಡು ಒಂದರ ಮೇಲೊಂದು ಬೀಳುತ್ತವೆ. ಸರಿಯಾಗಿ ನಡುದಾರಿಯಲ್ಲಿ ಜೋರಾದ ಲೇಸರ್ ಬೆರೆಸಿ ಅವನ್ನು ತಿರುವಿಬಿಟ್ಟರೆ, ಮೊದಲರ್ಧ ಕೆಡಿಸಿದ್ದನ್ನು ಉಳಿದರ್ಧವೇ ಸರಿಮಾಡುತ್ತದೆ. ಎರಡೂ ಕಡೆ ಫೈಬರ್ ಸಮ ಇರಬೇಕು, ಅಷ್ಟೇ.

ಮೊನ್ನೆವರೆಗೆ ಚೆನ್ನಾಗಿಯೇ ಇತ್ತು. ಇವತ್ತು ಪರದೆ ತುಂಬ ಬರೀ ಕಲಸುಮೇಲೋಗರ.

"ಆಗ್ಲಿ ಬಿಡ ಆರಿಫಾ, ಮುಂದಿನ ತಿಂಗಳ ತೋರಿಸೋಣಂತ," ಎಂದು ದಾನಿಶ ಚಹಾದ ಗ್ಲಾಸು ಸರಿಸಿದ. ನನ್ನತ್ತ ನೋಡಿ ತಟ್ಟನೆ ಕಿಟಕಿಯ ಕಡೆ ತಿರುಗಿದ. ಹಾಳಾದವನ ರೆಪ್ಪೆ ಎಷ್ಟು ಉದ್ದ!

ಇವತ್ತು ಪೆಟ್ಟಿಗೆ ಪಾಸಾದರೆ ನಾಳೆ ಅವನು ಚೆನ್ನೈಗೆ, ಹೊಸ ಲ್ಯಾಬು ಹಾಕಲು. ಪಾಸಾಗಲಿ ಅಂತಲೂ ಬೇಡಿಕೊಳ್ಳಲಾರೆ, ಆಗದಿರಲಿ ಅಂತಲೂ ಬೇಡಿಕೊಳ್ಳಲಾರೆ, ಹೀಗಾಗಿತ್ತು ನನ್ನ ಪಾಡು.

ರ್‍ಯಾಕಿನ ಹಿಂದೆ ಕೈಹಾಕಿದೆ. ಪೆಟ್ಟಿಗೆಯ ಈಚೆ ಬದಿಯ ಕೊನೆಯ ಫೈಬರ್ ಸುರುಳಿ ಸುಮ್ಮನೆ ಕೂತಿತ್ತು. ಅದನ್ನು ಬಿಟ್ಟು ಹಳದಿ ಕೇಬಲ್ ನೇರ ಪೆಟ್ಟಿಗೆಗೆ ಹೋಗಿತ್ತು, ಉಲ್ಟಾ ಸುತ್ತಿಕೊಂಡು. ಹಾಗೆ ಸುತ್ತುವ ಎಡಚ ಇಲ್ಲಿ ಒಬ್ಬನೇ.

"ದಾನಿಶ, ಇದು ನಿನ್ನ ಕೆಲಸೇನು?"

ಅವನ ಕಿವಿ ಕೆಂಪಾದವು. "ಹ್ಞಾ."

"ತಲಿ ಕೆಟ್ಟದೇನ ನಿಂದು? ಎರಡ ವರ್ಷ ದುಡದೀವಿ ಇದಕ್ಕ!"

"ನಾಳೆ ಗಾಡಿ ಹತ್ತಬೇಕಾಗ್ತದ. ಇನ್ನೊಂದ ತಿಂಗಳ ಸಿಕ್ರ ನಿಂಗ ಹೇಳೇನಂತ..."

"ಏನ ಹೇಳ್ತಿ?"

"ಅರೆ, ಗೊತ್ತಿದ್ದೂ ಕೇಳ್ತಿ."

ಸಿಟ್ಟು ನೆತ್ತಿಗೇರಿತು. ಖುಷಿಯೂ ಜೊತೆಗೇ ಏರಿತು, ಏನು ಮಾಡಲಿ! ಕೇಬಲ್ ಹಾಗೇ ಬಿಟ್ಟರೆ ಅವನು ಉಳಿಯುತ್ತಾನೆ. ನನಗೆ ಅವನು ಬೇಕು, ತುಂಬ ಬೇಕು. ಆದರೂ ಸುರುಳಿಯನ್ನು ಮತ್ತೆ ಜೋಡಿಸಿದೆ. ಪರದೆಯ ಗೆರೆಗಳು ಬಿಡಿಸಿಕೊಂಡು ತಿಳಿಯಾದವು.

ಅವನ ಮುಖ ಸಣ್ಣದಾಯಿತು. "ಹೋಗು ಅಂತೀಯೇನ?"

"ಹೋಗು. ಕಳ್ಳತನದಿಂದ ಉಳಿಯೋದು ನಂಗ ಬ್ಯಾಡ. ಆದ್ರ ಸಾಹೇಬ್ರು ಹೋದ ಮ್ಯಾಲ ನನ್ನ ಜೋಡಿ ವಡಾಲಕ್ಕ ಬಾ. ಅಬ್ಬಾ ಮನ್ಯಾಗಿರ್ತಾರ. ನಂಗ ಹೇಳೋದು ಅವರ ಮುಂದ ಹೇಳು."

"ಅವ್ರು ಒಲ್ಲೆ ಅಂದ್ರ?"

"ನಾ ಹೂಂ ಅಂದೀನಲ್ಲೋ, ಎಡಚ!"

ಕೆಳಗೆ ಸಾಹೇಬರ ಕಾರು ನಿಂತಿತು. ದಾನಿಶ ಗಡಬಡಿಸಿ ಗ್ಲಾಸು ಎತ್ತಿ, ಅರ್ಧ ಚಹಾ ಅಂಗಿಯ ಮೇಲೆ ಚೆಲ್ಲಿಕೊಂಡ. ಅದೇ ಅಂಗಿಯಲ್ಲಿ ಸಾಹೇಬರಿಗೆ ಎಲ್ಲ ತೋರಿಸಿದ. ಅದೇ ಅಂಗಿಯಲ್ಲಿ ಬಂದು ಅಬ್ಬಾನ ಮುಂದೆ ಕೂತ.