ಹಳದಿ ಅಳಿಸಿದವನು

ಪ್ರೋಗ್ರಾಮರ್ ಪರದೆಯ ಮೇಲಿನ ಶೀಟನ್ನು ತುದಿಯವರೆಗೂ ಸರಿಸಿ ನೋಡಿದ. ಎಲ್ಲೂ ಹಳದಿ ಇರಲಿಲ್ಲ.

ನೂರು ವರ್ಷದ ಹಿಂದೆ ಒಬ್ಬ ನರ್ಸ್ ತನ್ನ ತಂಗಿಗೆ ಬರೆದ ನಾನೂರು ಪತ್ರಗಳು. ಆ ಕಾಗೆಕಾಲು ಗುಬ್ಬಿಕಾಲು ಅಕ್ಷರಗಳನ್ನು ಓದಿ ಟೈಪ್ ಮಾಡಿದವಳು ಸಂಶೋಧಕಿ; ಸಂಶೋಧನಾ ಸಂಸ್ಥೆಯ ವೆಬ್‌ಸೈಟಿಗೆ ಏರಿಸುವವನು ಇವನು. ಖಚಿತವಿಲ್ಲದ ಪದಕ್ಕೆಲ್ಲ ಹಳದಿ ಬಳಿದಿದ್ದೇನೆಂದು ಅವಳು ಮಾತಿನ ನಡುವೆ ಹೇಳಿದ್ದು ಇವತ್ತು ಬೆಳಿಗ್ಗೆ. ಅದು ಬರೀ ಅಲಂಕಾರವೆಂದುಕೊಂಡು ಇವನು ನಿನ್ನೆಯೇ ಬಣ್ಣ ಉಳಿಯದ ಫೈಲಾಗಿ ಬದಲಿಸಿ, ಹಳೆಯದರ ಮೇಲೇ ಸೇವ್ ಮಾಡಿದ್ದ. ಬ್ಯಾಕಪ್ ಎಂದು ಬೇರೆ ಪ್ರತಿಯೂ ಇರಲಿಲ್ಲ. ಈಗ ಅವಳ ಊಹೆಗಳೆಲ್ಲ ನಿಜದ ಸಾಲಿನಲ್ಲಿ ಕೂತಿದ್ದವು.

ಹೇಳದಿದ್ದರೆ ನಾಳೆ ಸೈಟು ತೆರೆಯುತ್ತದೆ, ಯಾರಿಗೂ ತಿಳಿಯುವುದಿಲ್ಲ. ಹೇಳಿದರೆ ಅವಳು ಮತ್ತೆ ತನ್ನ ಮುಖ ನೋಡುವುದಿಲ್ಲ. ಅವಳ ಮುಖ ನೋಡಲೆಂದೇ ಆರು ತಿಂಗಳಿಂದ ಬೇಗ ಬರುತ್ತಿದ್ದ ಬಡಪಾಯಿ.

"ಏನ್ರೀ ಕೋಡ್ ಸಾಹೇಬ್ರೇ, ಹರಳೆಣ್ಣೆ ಕುಡಿದವರ ಥರ ಕೂತಿದ್ದೀರಿ?" ಬಾಗಿಲಲ್ಲಿ ಅವಳು, ಕನ್ನಡಕ ತಲೆಯ ಮೇಲೆ, ಕಣ್ಣಲ್ಲಿ ನಗು.

ಅವನು ಎಲ್ಲ ಹೇಳಿಬಿಟ್ಟ.

ನಗು ಆರಿತು. ಕನ್ನಡಕ ಇಳಿಸಿ ಪರದೆ ನೋಡಿದಳು. "ಒಂದು ವರ್ಷದ ಕೆಲಸ ಇದು," ಎಂದು ಅವನತ್ತ ತಿರುಗಿದಳು.

"ಮುಟ್ಟೋ ಮುಂಚೆ ಒಂದು ಮಾತು ಕೇಳಬಾರದಿತ್ತಾ?"

"ಕೇಳಬೇಕಿತ್ತು. ತಪ್ಪಾಯ್ತು."

ಅವಳು ಕನ್ನಡಕ ಮತ್ತೆ ತಲೆಗೇರಿಸಿ ಅಂದಳು: "ಹಳದಿ ಅಂದ್ರೆ ಏನು ಅಂತ ನಾನೂ ಎಲ್ಲೂ ಬರೆದಿಡಲಿಲ್ಲ. ನಡೀರಿ, ನಿರ್ದೇಶಕರ ಹತ್ರ ಇಬ್ರೂ ಹೋಗೋಣ. ಒಬ್ರೇ ಬೈಸಿಕೊಳ್ಳೋದು ಬೇಡ."

ಸೈಟು ತೆರೆಯುವುದು ಎರಡು ತಿಂಗಳು ಮುಂದೆ ಹೋಯಿತು. ಇಬ್ಬರೂ ಒಂದೇ ಮೇಜಿನ ಮುಂದೆ ಕೂತು ಪ್ರತಿ ಪತ್ರವನ್ನೂ ಮತ್ತೆ ಓದಿದರು. ಬಣ್ಣದ ಬದಲು 'ಅನುಮಾನ' ಎಂಬ ಕಾಲಂ ಮಾಡಿ, ಪ್ರತಿ ಸಾಲಿನ ಮುಂದೆ 'ಇದೆ' ಅಥವಾ 'ಇಲ್ಲ' ಎಂದು ತುಂಬಿದರು. ಅವಳ ಮೊಣಕೈ ತಾಗಿದಾಗಲೆಲ್ಲ ಅವನಿಗೆ ಸಾಲು ತಪ್ಪುತ್ತಿತ್ತು.

"ಪತ್ರ ನೋಡ್ರೀ, ನನ್ನನ್ನಲ್ಲ," ಎಂದು ಗದರಿಸುತ್ತಿದ್ದಳು. ಕೆನ್ನೆ ಮಾತ್ರ ಕೆಂಪಾಗುತ್ತಿತ್ತು.

ಕೊನೆಯ ದಿನ ಬಂತು. ನಾಳೆಯಿಂದ ಪಕ್ಕದಲ್ಲಿ ಕೂರಲು ನೆಪವಿಲ್ಲ. ಕೊನೆಯ ಪತ್ರದ ಕೆಳಗೆ ಹೊಸದೊಂದು ಸಾಲು ಟೈಪ್ ಮಾಡಿದ: 'ನಾನು ಪ್ರೀತಿಸುವವಳಿಗೆ ನನ್ನ ಮೇಲೂ ಪ್ರೀತಿಯಿದೆ.' ಕೀಬೋರ್ಡನ್ನು ಅವಳತ್ತ ಸರಿಸಿದ.

"ಇದು ನನ್ನ ಊಹೆ. ಅನುಮಾನ ಇದೆಯಾ ಇಲ್ವಾ, ನೀವೇ ತುಂಬಬೇಕು. ನಿಮ್ಮನ್ನ ಕೇಳದೆ ನಾನು ಮುಟ್ಟಲ್ಲ."

ಅವಳ ಬೆರಳು ಬಹಳ ಹೊತ್ತು ಕೀಲಿಗಳ ಮೇಲೇ ನಿಂತಿತು. ಅನುಮಾನದ ಕಾಲಂನಲ್ಲಿ 'ಇಲ್ಲ' ಎಂದು ಒತ್ತಿ, ಕಣ್ಣೊರೆಸಿಕೊಂಡು ನಕ್ಕಳು.

"ಈ ಸಲ ಬ್ಯಾಕಪ್ ಇಟ್ಕೊಳ್ರೀ."